ಮನೆಗೆಲಸವನ್ನು ಅರಿಯದಿರುವುದು ದೋಷವೇ?

ಮನುಷ್ಯನು ಯಾವಾಗ ದೊಡ್ಡವನಾಗುತ್ತಾನೆ ಎಂಬ ಪ್ರಶ್ನೆಗೆ ರಾಜಶಾಸನವು ಸುಲಭವಾದ ಉತ್ತರವನ್ನು ಕೊಟ್ಟಿದೆ. 1875ರ ಭಾರತೀಯ ಪ್ರಾಪ್ತವಯಸ್ಕತ್ವದ ಕಾಯಿದೆಯ ಪ್ರಕಾರ 18 ವರ್ಷ ತುಂಬಿದವನು ಪ್ರಾಪ್ತವಯಸ್ಕನು. ಮತದಾನಕ್ಕೆ ಮೊದಲು 21 ವರ್ಷ ಬೇಕಾಗಿದ್ದಿತು. 1988ರ ಸಂವಿಧಾನ ತಿದ್ದುಪಡಿಯು ಅದನ್ನೂ 18ಕ್ಕೆ ಇಳಿಸಿತು. ದೇಶವನ್ನು ಆಳುವವರು ಯಾರೆಂದು ನಿರ್ಣಯಿಸುವ ಅಧಿಕಾರ 18ರ ತರುಣನಿಗೆ ಬಂದಿದೆ. ಆದರೆ ಆ ತರುಣನೇ ಮನೆಯಲ್ಲಿ ತಾನು ಉಂಡ ತಟ್ಟೆಯನ್ನು ತೊಳೆಯಲರಿಯನು. ಒಂದು ಪಾವು ಅಕ್ಕಿಗೆ ಎಷ್ಟು ನೀರು ಬೇಕೆಂಬುದನ್ನು ಅರಿಯನು. ತನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿರುವ ಖಾತೆಯ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದನ್ನೂ ಅರಿಯನು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಇದು ಅಪರೂಪದ ದೃಶ್ಯವಲ್ಲ. ಇದನ್ನು ನಾವು ನಗುತ್ತಲೇ ಹೇಳಿಕೊಳ್ಳುತ್ತೇವೆ. ಕೆಲವೊಮ್ಮೆ ಹೆಮ್ಮೆಯಿಂದಲೂ ಹೇಳಿಕೊಳ್ಳುತ್ತೇವೆ. 'ನಮ್ಮ ಹುಡುಗನಿಗೆ ಓದೊಂದನ್ನು ಬಿಟ್ಟರೆ ಬೇರೇನೂ ಗೊತ್ತಿಲ್ಲ' ಎಂಬ ಮಾತು ದೂರಿನ ವೇಷದಲ್ಲಿರುವ ಪ್ರಶಂಸೆಯೇ ಆಗಿದೆ. ಈ ಅಜ್ಞಾನವು ಕೇವಲ ಒಂದು ಅನನುಕೂಲವೋ, ಅಥವಾ ಅದರಲ್ಲಿ ಧರ್ಮಾಧರ್ಮಗಳ ಪ್ರಶ್ನೆಯೂ ಅಡಗಿದೆಯೋ ಎಂಬುದು ಇಲ್ಲಿ ವಿಚಾರಣೀಯ.

ಈ ಸ್ಥಿತಿ ಹೇಗೆ ಬಂದಿತೆಂಬುದನ್ನು ಮೊದಲು ನೋಡೋಣ. ಎರಡು ಮೂರು ತಲೆಮಾರುಗಳ ಹಿಂದೆ ಉಡುಪಿ, ಧಾರವಾಡ, ವಿಜಾಪುರ, ರಾಯಚೂರುಗಳ ಕಡೆಯಿಂದ ಹೊರಟು ಪರಸ್ಥಳಗಳಿಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಹದಿಹರೆಯದಲ್ಲಿಯೇ ಬಂದವರು. ಕೆಲವರು ಊರಿನಲ್ಲಿ ವಾರಾನ್ನದಿಂದ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಪರೀಕ್ಷೆಗೆ ಕುಳಿತವರು. ಕರಾವಳಿಯಿಂದ ಮುಂಬಯಿಗೆ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ಸಂಜೆಯಾದ ಮೇಲೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತುದು ಆ ನಗರದ ಕನ್ನಡಿಗರ ಇತಿಹಾಸದ ಒಂದು ಅಧ್ಯಾಯವೇ ಆಗಿದೆ. ನಾಲ್ಕೈದು ಮಂದಿ ಒಂದೇ ಕೋಣೆಯಲ್ಲಿದ್ದು, ಸೀಮೆಎಣ್ಣೆಯ ಒಲೆಯ ಮೇಲೆ ಸರದಿಯಂತೆ ಅನ್ನ ಸಾರು ಮಾಡಿಕೊಂಡು, ಬೆಳಗಿನ ಜಾವ ನಲ್ಲಿಯ ಮುಂದೆ ಸಾಲು ನಿಂತು, ಪಂಚೆ ಒಗೆದುಕೊಂಡು, ಊರಿಗೆ ಮನಿಯಾರ್ಡರ್ ಕಳುಹಿಸಿ, ಉಳಿದುದಕ್ಕೆ ಲೆಕ್ಕ ಬರೆದಿಟ್ಟವರು ಅವರು. ಈ ಕೌಶಲಗಳನ್ನು ಅವರಿಗೆ ಯಾರೂ ಕರೆದು ಕಲಿಸಲಿಲ್ಲ. ಅವಶ್ಯಕತೆಯೇ ಅವರ ಗುರುವಾಗಿದ್ದಿತು.

ಹೀಗೆ ಕಷ್ಟಪಟ್ಟವರು ಮುಂದೆ ಮನೆ ಮಾಡಿ ಮಕ್ಕಳನ್ನು ಕಂಡಾಗ, ನಮ್ಮ ಮಕ್ಕಳಿಗೆ ಈ ಪಾಡು ಬರಬಾರದೆಂದು ಬಯಸಿದುದು ಸಹಜ. 'ನೀನು ಓದು, ಉಳಿದುದನ್ನು ನಾವು ನೋಡಿಕೊಳ್ಳುತ್ತೇವೆ' ಎಂಬ ಮಾತು ಹುಟ್ಟಿದುದು ಈ ಪ್ರೀತಿಯಿಂದ. ಆ ಮಾತನ್ನು ಹಗುರವಾಗಿ ನೋಡುವುದು ಸಲ್ಲದು. ಅದರ ಬಲದಿಂದಲೇ ನಮ್ಮ ಸಮಾಜದಲ್ಲಿ ವೈದ್ಯರು, ಲೆಕ್ಕಪರಿಶೋಧಕರು, ತಂತ್ರಜ್ಞರು, ಪ್ರಾಧ್ಯಾಪಕರು ಆದರು. ಆದರೆ ಅವಶ್ಯಕತೆಯೆಂಬ ಗುರುವನ್ನು ಮನೆಯಿಂದ ಹೊರಗೆ ಕಳುಹಿಸಿದ ನಾವು ಅವನ ಸ್ಥಾನದಲ್ಲಿ ಬೇರೆ ಗುರುವನ್ನು ನೇಮಿಸಲಿಲ್ಲ. ತೊಂದರೆಯೊಡನೆ ಪಾಠವೂ ಹೊರಟುಹೋಯಿತು.

ಇನ್ನು ಆ ವಾಕ್ಯದಲ್ಲಿರುವ 'ನಾವು' ಎಂಬ ಪದವನ್ನು ಪರೀಕ್ಷಿಸೋಣ. ಉಳಿದುದನ್ನು ನೋಡಿಕೊಳ್ಳುವ ಆ 'ನಾವು' ಯಾರು? ಹೆಚ್ಚಿನ ಮನೆಗಳಲ್ಲಿ ಅದು ತಾಯಿ, ಕೆಲವೆಡೆ ಅಜ್ಜಿ, ಇನ್ನು ಕೆಲವೆಡೆ ಮನೆಗೆಲಸಕ್ಕೆ ಬರುವ ಹೆಂಗಸು. ಭಾರತ ಸರಕಾರದ ಸಾಂಖ್ಯಿಕ ಕಾರ್ಯಾಲಯವು 2019ರಲ್ಲಿ ನಡೆಸಿದ ಸಮಯವಿನಿಯೋಗದ ಸಮೀಕ್ಷೆಯಂತೆ, ವೇತನವಿಲ್ಲದ ಗೃಹಕೃತ್ಯಗಳಲ್ಲಿ ತೊಡಗುವ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಪುರುಷರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಾರೆ. ಅದೂ ತೊಡಗುವವರ ಲೆಕ್ಕ ಮಾತ್ರ. ಯಾವುದೇ ಒಂದು ದಿನದಲ್ಲಿ ಇಂಥ ಕೆಲಸಕ್ಕೆ ಕೈಹಾಕಿದ ಪುರುಷರು ನೂರಕ್ಕೆ 26 ಮಂದಿ. ಸ್ತ್ರೀಯರು 81 ಮಂದಿ. 299 ನಿಮಿಷಗಳೆಂದರೆ ಐದು ತಾಸಿಗೆ ಒಂದೇ ನಿಮಿಷ ಕಡಿಮೆ. ಮಗನ ಓದಿಗೆ ದೊರೆತ ಬಿಡುವು ಆಕಾಶದಿಂದ ಇಳಿದುದಲ್ಲ. ಅದು ಇನ್ನೊಬ್ಬರ ದಿನದಿಂದ ತೆಗೆದುಕೊಂಡ ಕಾಲ. ತೆಗೆದುಕೊಂಡುದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಋಣವೆಂದು ಹೆಸರು. ದೇವಋಣ, ಋಷಿಋಣ, ಪಿತೃಋಣಗಳನ್ನು ನಾವೆಲ್ಲ ಕೇಳಿದ್ದೇವೆ. ಶತಪಥಬ್ರಾಹ್ಮಣವು ಇವುಗಳೊಡನೆ ಮನುಷ್ಯಋಣವೆಂಬ ನಾಲ್ಕನೆಯದನ್ನೂ ಹೇಳಿ, ಮನೆಗೆ ಬಂದವರಿಗೆ ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ಅದು ತೀರುತ್ತದೆ ಎನ್ನುತ್ತದೆ. ಅನ್ನ ಮಾಡಲಾಗಲಿ ಬಡಿಸಲಾಗಲಿ ಬಾರದವನು ಈ ಋಣವನ್ನು ಸ್ವಂತ ಕೈಯಿಂದ ಹೇಗೆ ತೀರಿಸಿಯಾನು?

ಅರಿಯದಿರುವುದರ ಫಲವು ಒಂದು ದಿನ ಎದುರಿಗೆ ಬಂದು ನಿಲ್ಲುತ್ತದೆ. 2020ರ ಮಾರ್ಚ್ 25ರಿಂದ ದೇಶದಾದ್ಯಂತ ಸಂಚಾರ ನಿಂತುಹೋದಾಗ, ಊಟದ ಮನೆಗಳು ಮುಚ್ಚಿದವು, ಕೆಲಸದವರು ಬರುವಂತಿರಲಿಲ್ಲ. ಪರಸ್ಥಳಗಳ ಬಾಡಿಗೆ ಕೋಣೆಗಳಲ್ಲಿದ್ದ ಅನೇಕ ವಿದ್ಯಾವಂತ ತರುಣರು ಅಕ್ಕಿ, ಬೇಳೆ, ಒಲೆ ಎಲ್ಲ ಇದ್ದೂ ದೂರವಾಣಿಯಲ್ಲಿ ತಾಯಿಯನ್ನು ಕೇಳಿ ಕೇಳಿ ಮೊದಲ ಬಾರಿಗೆ ಅಡಿಗೆ ಮಾಡಿಕೊಂಡರು. ಇದು ಆಯುಷ್ಯದ ಆರಂಭದ ಮಾತಾಯಿತು. ಆಯುಷ್ಯದ ಇನ್ನೊಂದು ತುದಿಯಲ್ಲಿ ಕಾಣುವ ದೃಶ್ಯ ಇದಕ್ಕಿಂತ ಕಠಿಣವಾದುದು. ನಲವತ್ತು ವರ್ಷ ದೊಡ್ಡ ಹುದ್ದೆಯಲ್ಲಿದ್ದು ನೂರಾರು ಜನರಿಗೆ ಆಜ್ಞೆ ಕೊಟ್ಟ ಗೃಹಸ್ಥರು, ಪತ್ನಿ ಆಸ್ಪತ್ರೆ ಸೇರಿದ ದಿನ ಉಪ್ಪಿನ ಡಬ್ಬಿಯನ್ನು ಹುಡುಕುತ್ತ ನಿಲ್ಲುತ್ತಾರೆ. ಐವತ್ತು ವರ್ಷ ಮನೆಯನ್ನು ನಡೆಸಿದ ಗೃಹಿಣಿ, ಪತಿ ತೀರಿಕೊಂಡ ಹನ್ನೆರಡನೆಯ ದಿನಕ್ಕೆ ಬ್ಯಾಂಕಿನ ಅರ್ಜಿಯ ಮುಂದೆ ಕುಳಿತು ಎಲ್ಲಿ ಸಹಿ ಮಾಡಬೇಕೆಂದು ಕೇಳುತ್ತಾರೆ. ಇವರಿಬ್ಬರೂ ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಪರಸ್ಪರ ಪ್ರೀತಿಯಿಂದಲೇ ಒಬ್ಬರು ಇನ್ನೊಬ್ಬರಿಗೆ ಅರ್ಧ ಜಗತ್ತನ್ನು ಮರೆಮಾಡಿದ್ದರು. ದುಃಖದ ದಿನದಲ್ಲಿ ಆ ಮರೆ ಸರಿದಾಗ, ದುಃಖದ ಮೇಲೆ ಅಸಹಾಯಕತೆಯೂ ಸೇರುತ್ತದೆ.

ಇಲ್ಲಿ ಮೊದಲನೆಯ ಶಂಕೆ. ವಿದ್ಯಾರ್ಜನೆಯು ಶ್ರೇಷ್ಠವಾದುದು, ವಿದ್ಯಾರ್ಥಿಯನ್ನು ಕಸಬರಿಗೆ ಪಾತ್ರೆಗಳಿಗೆ ಹಚ್ಚಿದರೆ ವಿದ್ಯೆಗೆ ಹಾನಿಯಲ್ಲವೇ? ಉಪನಿಷತ್ತುಗಳು ವಿದ್ಯಾರ್ಥಿಗಳನ್ನು ಹೇಗೆ ಚಿತ್ರಿಸಿವೆ ಎಂಬುದೇ ಇದಕ್ಕೆ ಸಮಾಧಾನ. ಛಾಂದೋಗ್ಯದಲ್ಲಿ ಸತ್ಯಕಾಮನಿಗೆ ಗುರುಗಳು ಉಪನಯನವಾದೊಡನೆ ಕೊಟ್ಟುದು ಬಡಕಲಾದ 400 ಗೋವುಗಳನ್ನು. ಅವು ಸಾವಿರವಾಗುವವರೆಗೆ ಅವನು ಕಾಡಿನಲ್ಲಿ ಕಾಯ್ದನು; ಬ್ರಹ್ಮವಿದ್ಯೆಯ ಮೊದಲ ಪಾಠಗಳು ಅವನಿಗೆ ದೊರೆತುದು ಮರಳಿ ಬರುವ ದಾರಿಯಲ್ಲಿ. ಅದೇ ಸತ್ಯಕಾಮನು ಮುಂದೆ ಗುರುವಾದಾಗ, ಉಪಕೋಸಲನೆಂಬ ಶಿಷ್ಯನು 12 ವರ್ಷ ಅವನ ಅಗ್ನಿಗಳನ್ನು ನೋಡಿಕೊಂಡನು. ಕೊನೆಗೆ ಆ ಅಗ್ನಿಗಳೇ ಅವನಿಗೆ ಉಪದೇಶ ಮಾಡಿದವು. ಮಹಾಭಾರತದ ಆರುಣಿಯು ಗದ್ದೆಯ ಒಡ್ಡು ಒಡೆದಾಗ ತಾನೇ ಅಡ್ಡಲಾಗಿ ಮಲಗಿ ನೀರನ್ನು ತಡೆದನು. ಈ ಕಥೆಗಳನ್ನು ಗುರುಭಕ್ತಿಗೆ ದೃಷ್ಟಾಂತವೆಂದು ನಾವು ಹೇಳುತ್ತ ಬಂದಿದ್ದೇವೆ, ಅದು ಯುಕ್ತವೇ. ಆದರೆ ಅವುಗಳಲ್ಲಿ ಇನ್ನೊಂದು ಅಂಶವೂ ಇದೆ. ಗೋವನ್ನು ಮೇಯಿಸುವುದು, ಬೆಂಕಿಯನ್ನು ಆರದಂತೆ ಕಾಪಾಡುವುದು, ಒಡ್ಡನ್ನು ಕಟ್ಟುವುದು ಆ ಕಾಲದ ದಿನಬಳಕೆಯ ಕೆಲಸಗಳು. ಅವು ವಿದ್ಯೆಗೆ ವಿಘ್ನವೆಂದು ಗುರುಗಳು ತಿಳಿಯಲಿಲ್ಲ. ಹಸುವಿಗೆ ನೀರು ಬೇಕಾದಾಗ ಕೊಡಬೇಕು, ಬೆಂಕಿಗೆ ಸಮಿತ್ತು ಬೇಕಾದಾಗ ಹಾಕಬೇಕು. ನಮ್ಮ ಮನಸ್ಸು ಬಂದಾಗ ಅಲ್ಲ. ತನ್ನ ಇಚ್ಛೆಗಿಂತ ಹೊರಗಿನ ಅವಶ್ಯಕತೆಗೆ ಎಚ್ಚರವಾಗಿರುವ ಈ ಅಭ್ಯಾಸವು ಪುಸ್ತಕದಿಂದ ಬರುವುದು ಕಷ್ಟ.

ಹಾಗೆಂದು ಹಿಂದಿನವರ ಬಡತನವನ್ನು ವೈಭವೀಕರಿಸುವುದು ನಮ್ಮ ಅಭಿಪ್ರಾಯವಲ್ಲ. ಹನ್ನೆರಡರ ಬಾಲಕನು ಹೋಟೆಲಿನಲ್ಲಿ ಮಧ್ಯರಾತ್ರಿಯವರೆಗೆ ದುಡಿಯುವುದು ಎಂದೂ ಒಳ್ಳೆಯದಾಗಿರಲಿಲ್ಲ. ದಿನಕ್ಕೆ ಅರ್ಧ ತಾಸು ಮನೆಯ ಕೆಲಸದಲ್ಲಿ ಪಾಲುಗೊಳ್ಳುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಅಷ್ಟರಿಂದ ಪರೀಕ್ಷೆಯ ಅಂಕಗಳು ಕುಸಿಯುವುದಾದರೆ, ದೂರದರ್ಶನ ಮತ್ತು ಮೊಬೈಲುಗಳ ಮುಂದೆ ಕಳೆಯುವ ಕಾಲದಿಂದ ಅವು ಎಂದೋ ಕುಸಿದಿರಬೇಕಾಗಿತ್ತು.

ಎರಡನೆಯ ಶಂಕೆ. ಅಡಿಗೆ ಮೊದಲಾದುವು ಸ್ತ್ರೀಯರ ಕೃತ್ಯ, ಹೊರಗಿನ ವ್ಯವಹಾರ ಪುರುಷರ ಕೃತ್ಯವೆಂದು ವಿಭಾಗವಿರುವಾಗ, ಎಲ್ಲರೂ ಎಲ್ಲವನ್ನೂ ಕಲಿಯುವುದೇಕೆ? ಕೆಲಸವನ್ನು ಹಂಚಿಕೊಳ್ಳುವುದು ಬೇರೆ, ಅರಿಯದಿರುವುದು ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ವಾಯುದೇವರ ಅವತಾರವೆಂದು ನಾವು ಪೂಜಿಸುವ ಭೀಮಸೇನನು ಅಜ್ಞಾತವಾಸದ ವರ್ಷವನ್ನು ಕಳೆದುದು ವಿರಾಟನ ಪಾಕಶಾಲೆಯಲ್ಲಿ. ಬಲ್ಲವನೆಂಬ ಹೆಸರಿನಿಂದ, ಕನ್ನಡಿಗರ ಬಾಯಲ್ಲಿ ವಲಲನಾಗಿ, ಅವನು ಅಡಿಗೆ ಮಾಡಿದನು. ಬಾರದ ವಿದ್ಯೆಯನ್ನು ಬರುವಂತೆ ನಟಿಸಿದ್ದರೆ ಆ ವೇಷವು ಒಂದು ದಿನವೂ ನಿಲ್ಲುತ್ತಿರಲಿಲ್ಲ. ಅದಕ್ಕೂ ಮೊದಲು, ಯುಧಿಷ್ಠಿರನ ರಾಜಸೂಯದಲ್ಲಿ ಪಾಕಶಾಲೆಯ ಮೇಲ್ವಿಚಾರಣೆ ಭೀಮನದಾಗಿದ್ದಿತೆಂದು ಭಾಗವತವು ಹೇಳುತ್ತದೆ. ಅದೇ ಯಾಗದಲ್ಲಿ ಬಂದವರ ಪಾದಗಳನ್ನು ತೊಳೆಯುವ ಕಾರ್ಯವನ್ನು ವಹಿಸಿಕೊಂಡವನು ಶ್ರೀಕೃಷ್ಣ. ಅಗ್ರಪೂಜೆಗೆ ಅರ್ಹನಾದವನು ಯಾವ ಕೆಲಸವನ್ನು ಆರಿಸಿಕೊಂಡನೆಂಬುದನ್ನು ನೆನೆದರೆ, ಕೀಳು ಕೆಲಸವೆಂಬ ನಮ್ಮ ಮಾತು ತಾನಾಗಿ ಅಡಗುತ್ತದೆ. ಇಂದಿಗೂ ನಮ್ಮ ಮಠಗಳಲ್ಲಿ, ಸಮಾರಾಧನೆಗಳಲ್ಲಿ ಸಾವಿರಾರು ಜನರಿಗೆ ಅಡಿಗೆ ಮಾಡುವವರು ಪುರುಷರೇ. ಉಡುಪಿಯ ಹೆಸರನ್ನು ದೇಶದ ನಗರಗಳಿಗೆಲ್ಲ ಕೊಂಡೊಯ್ದವರು ಅಡಿಗೆ ಬಲ್ಲ ಪುರುಷರು. ಮಠದ ಪಾಕಶಾಲೆಯಲ್ಲಿ ಪುರುಷನಿಗೆ ಗೌರವವಾಗಿರುವ ಕೆಲಸವು ಮನೆಯ ಒಲೆಯ ಮುಂದೆ ಅಗೌರವವಾಗುವುದಕ್ಕೆ ಕಾರಣ ತೋರುವುದಿಲ್ಲ. ಅಂತೆಯೇ ಮಗಳಿಗೆ ಹುಳಿ, ತೊವ್ವೆಗಳನ್ನು ಕಲಿಸಿ ಠೇವಣಿ, ತೆರಿಗೆ, ಮನೆಯ ದಸ್ತಾವೇಜುಗಳನ್ನು ಕಲಿಸದಿರುವುದೂ ಅರ್ಧ ಶಿಕ್ಷಣವೇ.

ಮೂರನೆಯ ಶಂಕೆ. ಹಣವಿದ್ದರೆ ಎಲ್ಲವೂ ದೊರೆಯುವ ಕಾಲವಿದು. ಮೊಬೈಲಿನ ಮೇಲೆ ಬೆರಳೊತ್ತಿದರೆ ಬಿಸಿ ಊಟವು ಬಾಗಿಲಿಗೆ ಬರುತ್ತದೆ; ಬಟ್ಟೆ ಒಗೆದು ಇಸ್ತ್ರಿಯಾಗಿ ಬರುತ್ತದೆ. ಕಲಿಯುವ ಶ್ರಮವೇಕೆ? ಹಣಕೊಟ್ಟು ಸೇವೆಯನ್ನು ಪಡೆಯುವುದು ತಪ್ಪಲ್ಲ. ನಗರದಲ್ಲಿ ಅದು ಅನೇಕರ ಜೀವನೋಪಾಯವೂ ಹೌದು. ಆದರೆ ಒಂದು ಕೆಲಸವನ್ನು ತಾನು ಒಮ್ಮೆಯೂ ಮಾಡದವನಿಗೆ ಅದರ ಭಾರವು ತಿಳಿಯುವುದಿಲ್ಲ. ಭಾರ ತಿಳಿಯದವನು ಮಾಡುವವರ ಮೇಲೆ ಸುಲಭವಾಗಿ ಸಿಡುಕುತ್ತಾನೆ. ಸಾರಿನಲ್ಲಿ ಉಪ್ಪು ಒಂದು ಚಿಟಿಕೆ ಹೆಚ್ಚಾದುದಕ್ಕೆ ತಟ್ಟೆಯನ್ನು ಸರಿಸಿ ಏಳುವವನು ಎಂದೂ ಸಾರು ಮಾಡಿದವನಾಗಿರುವುದಿಲ್ಲ. ಮಳೆಯಲ್ಲಿ ಊಟ ಹೊತ್ತು ತಂದ ಹುಡುಗನನ್ನು ಹತ್ತು ನಿಮಿಷ ತಡವಾಯಿತೆಂದು ಗದರಿಸುವವನು ಆ ಮಳೆಯಲ್ಲಿ ನಿಂತವನಾಗಿರುವುದಿಲ್ಲ. ದಯೆಯು ಬಹುಮಟ್ಟಿಗೆ ಅನುಭವದಿಂದ ಹುಟ್ಟುವ ಗುಣ. ಕೈ ಅರಿತುದನ್ನು ಮನಸ್ಸು ಗೌರವಿಸುತ್ತದೆ.

ನಾಲ್ಕನೆಯ ಶಂಕೆಯು ತಾತ್ತ್ವಿಕವಾದುದು. ಸ್ವತಂತ್ರನು ಶ್ರೀಹರಿಯೊಬ್ಬನೇ, ಜೀವರೆಲ್ಲರೂ ಅಸ್ವತಂತ್ರರೆಂಬುದು ನಮ್ಮ ಸಿದ್ಧಾಂತ. ಹೀಗಿರುವಲ್ಲಿ 'ನನ್ನ ಕಾಲ ಮೇಲೆ ನಾನು ನಿಲ್ಲುತ್ತೇನೆ' ಎಂಬ ಸ್ವಾವಲಂಬನೆಯ ಮಾತು ಅಹಂಕಾರವಾಗುವುದಿಲ್ಲವೇ? ಈ ಪ್ರಶ್ನೆಯು ನಮ್ಮ ವಿಷಯದ ತಿರುಳನ್ನೇ ಮುಟ್ಟುತ್ತದೆ. ಆಚಾರ್ಯರು ಜೀವನ ಕರ್ತೃತ್ವವನ್ನು ಪರಾಧೀನವೆಂದು ಹೇಳಿದರೇ ಹೊರತು, ಮಿಥ್ಯೆಯೆಂದು ಹೇಳಲಿಲ್ಲ. ಜೀವನು ನಿಜವಾಗಿ ಕರ್ತೃವಲ್ಲದಿದ್ದರೆ ಇದನ್ನು ಮಾಡು, ಇದನ್ನು ಬಿಡು ಎಂಬ ಶಾಸ್ತ್ರವೇ ವ್ಯರ್ಥವಾಗುತ್ತದೆ. ಆದುದರಿಂದ 'ಎಲ್ಲವೂ ಅವನಿಚ್ಛೆ' ಎಂದು ಎಂಜಲು ತಟ್ಟೆಯನ್ನು ಇನ್ನೊಬ್ಬರಿಗೆ ಬಿಟ್ಟೇಳುವುದು ವೈರಾಗ್ಯವಲ್ಲ. ಹಾಗೆಯೇ, ಯಾರ ನೆರವೂ ಬೇಡವೆಂಬ ಬಿಂಕವನ್ನು ನಾವು ಪ್ರೌಢತೆಯೆಂದು ಕರೆಯುತ್ತಿಲ್ಲ. ಹಾಲು ಕರೆದವರು, ಭತ್ತ ಬೆಳೆದವರು, ನಲ್ಲಿಗೆ ನೀರು ಬಿಡುವವರು ಇಲ್ಲದೆ ನಗರದಲ್ಲಿ ಯಾರೊಬ್ಬರೂ ಒಂದು ದಿನ ಬದುಕಲಾರರು. ಎಲ್ಲರೂ ಪರಾವಲಂಬಿಗಳೇ ಆಗಿರುವಲ್ಲಿ, ದೊಡ್ಡವನಾಗುವುದೆಂದರೆ ಇತರರು ಅವಲಂಬಿಸಬಹುದಾದವನಾಗುವುದು. ಜ್ವರ ಬಂದ ತಾಯಿಗೆ ಗಂಜಿ ಮಾಡಿಕೊಡಬಲ್ಲವನು, ತಮ್ಮನ ಶುಲ್ಕವನ್ನು ನೆನಪಿಟ್ಟು ಕಟ್ಟಬಲ್ಲವನು, ಅತಿಥಿ ಬಂದಾಗ ಯಾರನ್ನೂ ಕೂಗದೆ ಹಾಸಿಗೆ ಹಾಸಬಲ್ಲವನು ಮನೆಯಲ್ಲಿದ್ದಾನೆಂದರೆ ಆ ಮನೆಗೆ ಒಬ್ಬ ದೊಡ್ಡವನು ಬಂದಂತಾಯಿತು. ಅವನ ವಯಸ್ಸು ಹದಿನಾಲ್ಕಾಗಿದ್ದರೂ ಆಗಬಹುದು.

ಉಡುಪಿಯ ಪರ್ಯಾಯವನ್ನು ಕಂಡವರಿಗೆ ಇದರ ಒಂದು ಉಜ್ಜ್ವಲ ನಿದರ್ಶನವು ನೆನಪಾಗಬಹುದು. ಶ್ರೀವಾದಿರಾಜರ ಕಾಲದಿಂದ ಎರಡು ವರ್ಷಗಳಿಗೊಮ್ಮೆ ಅಷ್ಟಮಠಗಳಲ್ಲಿ ಶ್ರೀಕೃಷ್ಣನ ಪೂಜಾಧಿಕಾರವು ಒಂದು ಮಠದಿಂದ ಇನ್ನೊಂದಕ್ಕೆ ಹಸ್ತಾಂತರವಾಗುತ್ತದೆ. ಆಗ ನಿರ್ಗಮಿಸುವ ಯತಿಗಳು ಬರುವ ಯತಿಗಳ ಕೈಗೆ ಒಪ್ಪಿಸುವ ವಸ್ತುಗಳು ಯಾವುವು? ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಬೀಗದ ಕೈ. ಖಡ್ಗವಿಲ್ಲ, ಕಿರೀಟವಿಲ್ಲ, ಅನ್ನದ ಪಾತ್ರೆ, ಬಡಿಸುವ ಸೌಟು, ಬಾಗಿಲು ತೆರೆಯುವ ಕೀಲಿ. ಅಧಿಕಾರವೆಂದರೆ ಬಂದವರಿಗೆ ಬಡಿಸುವ ಹೊಣೆ ಮತ್ತು ಇರುವುದನ್ನು ಕಾಯುವ ಹೊಣೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಅಶಕ್ಯ. ಇನ್ನೂ ಒಂದು ಅಂಶವಿದೆ. ಈ ಹೊಣೆಯು ಹಠಾತ್ತಾಗಿ ಬಂದು ಬೀಳುವುದಿಲ್ಲ. ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತವಾಗುತ್ತದೆ; ಅನಂತರ ಅಕ್ಕಿ, ಕಟ್ಟಿಗೆ, ಭತ್ತಗಳ ಮುಹೂರ್ತಗಳು. ಬಾಳೆಯ ಸಸಿಯನ್ನು ನೆಡುವುದು, ಅಕ್ಕಿಯನ್ನು ಕೂಡಿಡುವುದು, ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುವುದು ಎಲ್ಲವೂ ಮುಂದೆ ಬರುವ ಬಡಿಸುವಿಕೆಯ ಸಿದ್ಧತೆ. ನಮ್ಮ ಮಕ್ಕಳಿಗೆ ಮದುವೆಯ ದಿನವೋ, ಪರದೇಶಕ್ಕೆ ವಿಮಾನ ಹತ್ತುವ ದಿನವೋ ಒಮ್ಮೆಲೇ ಸೌಟನ್ನೂ ಕೀಲಿಯನ್ನೂ ಕೊಡುತ್ತಿದ್ದೇವೆ. ಬಾಳೆ ಮುಹೂರ್ತವನ್ನು ಮಾತ್ರ ಮಾಡಿರುವುದಿಲ್ಲ.

ಹಾಗಾದರೆ ಕಲಿಸುವ ಕ್ರಮ ಯಾವುದು? ಉಪದೇಶದಿಂದ ಈ ವಿದ್ಯೆ ಬರುವುದಿಲ್ಲ; ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿಸುವುದರಿಂದ ಬರುತ್ತದೆ. ಆರೇಳು ವರ್ಷದ ಮಗುವು ತಟ್ಟೆ ಲೋಟಗಳನ್ನು ಹಾಕಿ, ಉಂಡ ಮೇಲೆ ಎತ್ತಿಡಬಹುದು. ಹತ್ತರ ಹುಡುಗ ಹುಡುಗಿಯರು ಬಟ್ಟೆ ಮಡಿಸಬಹುದು, ತರಕಾರಿ ತೊಳೆದು ಹೆಚ್ಚಬಹುದು, ಅಂಗಡಿಯಿಂದ ಸಾಮಾನು ತಂದು ಉಳಿದ ಚಿಲ್ಲರೆಯ ಲೆಕ್ಕ ಒಪ್ಪಿಸಬಹುದು. ಹದಿನಾಲ್ಕಕ್ಕೆ ಅನ್ನ, ಸಾರು, ಒಂದು ಪಲ್ಯ ಬರಬೇಕು. ಒಲೆಯನ್ನು ಹೊತ್ತಿಸುವುದರೊಡನೆ ಅದರ ಅಪಾಯವನ್ನೂ ತಿಳಿಸಬೇಕು. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಕೊಳವೆಯ ಮೂಲಕ ಮನೆಗೆ ಬರುವ ನೈಸರ್ಗಿಕ ಅನಿಲವು ಹಗುರವಾದುದರಿಂದ ಮೇಲಕ್ಕೇರುತ್ತದೆ. ಸೋರಿಕೆ ತಿಳಿಯಲೆಂದೇ ಅನಿಲಕ್ಕೆ ದುರ್ಗಂಧವನ್ನು ಸೇರಿಸಿರುತ್ತಾರೆ. ವಾಸನೆ ಬಂದೊಡನೆ ಅನಿಲವನ್ನು ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನು ತೆರೆಯಬೇಕು. ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ಸಿಲಿಂಡರಿನ ಸೋರಿಕೆಗೆ 1906 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಇಷ್ಟನ್ನು ಅರಿತ ಮಗುವನ್ನು ಒಲೆಯಿಂದ ದೂರವಿಡುವುದಕ್ಕಿಂತ ಒಲೆಯ ಬಳಿ ನಿಲ್ಲಿಸುವುದು ಹೆಚ್ಚು ಕ್ಷೇಮ.

ನಮ್ಮ ಮನೆಗಳಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಹಿರಿಯರು ಮಡಿಯಲ್ಲಿ ಅಡಿಗೆ ಮಾಡುವಾಗ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ವರ್ಷಗಳು ಹೀಗೆಯೇ ಕಳೆದು, ಅಡಿಗೆಯ ಮನೆಯು ಮಕ್ಕಳಿಗೆ ಹೊಸ್ತಿಲಿನಾಚೆಯ ಲೋಕವಾಗುತ್ತದೆ. ಮಡಿಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ರಜೆಯ ದಿನ ಮಗುವಿಗೆ ಸ್ನಾನ ಮಾಡಿಸಿ, ಮಡಿ ಉಡಿಸಿ, ಒಳಗೆ ಕರೆದುಕೊಂಡರೆ ಮಡಿಯೂ ತಿಳಿಯುತ್ತದೆ, ಅಡಿಗೆಯೂ ತಿಳಿಯುತ್ತದೆ. ಚಾತುರ್ಮಾಸ್ಯದಲ್ಲಿ ಶಾಕವ್ರತದ ತಿಂಗಳು ಏನು ಸಲ್ಲುತ್ತದೆ, ದಧಿವ್ರತದಲ್ಲಿ ಏನು ಸಲ್ಲದು, ದ್ವಿದಳವ್ರತದಲ್ಲಿ ಬೇಳೆಯಿಲ್ಲದೆ ಸಾರು ಹೇಗೆ ಎಂಬುದು ಪಟ್ಟಿ ಓದಿ ಬರುವ ಜ್ಞಾನವಲ್ಲ. ಅಜ್ಜಿಯ ಪಕ್ಕದಲ್ಲಿ ನಿಂತವರಿಗೆ ಮಾತ್ರ ಅದು ಬರುತ್ತದೆ. ಅಜ್ಜಿಯೊಡನೆ ಅದು ಹೊರಟುಹೋದರೆ ಮರಳಿ ಬರುವುದಿಲ್ಲ.

ಕಲಿಸುವವರಿಗೂ ಒಂದು ಮಾತು. ಕಲಿಯುವವನು ಹಾಳುಮಾಡುತ್ತಾನೆ, ಅನ್ನ ಮುದ್ದೆಯಾಗುತ್ತದೆ, ಬಿಳಿಯ ಪಂಚೆಗೆ ಬಣ್ಣ ಹತ್ತುತ್ತದೆ, ಲೆಕ್ಕದಲ್ಲಿ ಐವತ್ತು ರೂಪಾಯಿ ಕಾಣೆಯಾಗುತ್ತದೆ. ಆಗ 'ಬಿಡು, ನಾನೇ ಮಾಡುತ್ತೇನೆ' ಎಂದು ಕೈಯಿಂದ ಕಸಿದುಕೊಂಡರೆ ಪಾಠವು ಅಲ್ಲಿಗೇ ಮುಗಿಯಿತು. ಮುದ್ದೆಯಾದ ಅನ್ನವನ್ನು ಮನೆಯವರೆಲ್ಲರೂ ಒಂದು ದಿನ ಉಣ್ಣುವುದು ವಿದ್ಯಾದಾನದ ಒಂದು ಭಾಗವೇ. ಹಾಗೆಯೇ, ಮಗನು ಒಂದು ಲೋಟ ತೊಳೆದುದಕ್ಕೆ ಹತ್ತು ಮಂದಿಗೆ ಹೇಳಿ ಹೊಗಳುವುದೂ ಬೇಡ. ಮಗಳು ಪ್ರತಿದಿನ ತೊಳೆದಾಗ ಆ ಹೊಗಳಿಕೆ ಇರಲಿಲ್ಲವೆಂಬುದನ್ನು ಮಕ್ಕಳು ಬೇಗ ಗಮನಿಸುತ್ತಾರೆ.

ಕಾಗದಪತ್ರಗಳ ವಿದ್ಯೆಯನ್ನು ಮನೆಯ ಪ್ರತಿಯೊಬ್ಬ ಪ್ರಾಪ್ತವಯಸ್ಕರೂ ಕಲಿಯತಕ್ಕದ್ದು. ಒಂದು ಪುಸ್ತಕದಲ್ಲಿ ಬ್ಯಾಂಕಿನ ಖಾತೆಗಳು, ಠೇವಣಿಗಳು, ವಿಮೆ, ಮನೆಯ ದಸ್ತಾವೇಜು, ಸಾಲ, ಇವುಗಳ ವಿವರವನ್ನೂ ಕಾಗದಗಳಿರುವ ಸ್ಥಳವನ್ನೂ ಬರೆದಿಟ್ಟು ಪತಿಪತ್ನಿಯರಿಬ್ಬರೂ ವರ್ಷಕ್ಕೊಮ್ಮೆ ಒಟ್ಟಿಗೆ ಕುಳಿತು ನೋಡಬೇಕು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯು 2014ರಲ್ಲಿ ರಿಸರ್ವ್ ಬ್ಯಾಂಕು ಏರ್ಪಡಿಸಿದ ನಿಧಿಗೆ ವರ್ಗವಾಗುತ್ತದೆ. ಆ ಮೇಲೂ ಹಕ್ಕುದಾರರು ಅದನ್ನು ಕೇಳಿ ಪಡೆಯಬಹುದು, ಆದರೆ ಅದು ಇದೆಯೆಂದು ತಿಳಿದಿದ್ದರೆ ಮಾತ್ರ. ಇಂಥ ಠೇವಣಿಗಳನ್ನು ಹುಡುಕಲು 2023ರಿಂದ ಉದ್ಗಮ್ ಎಂಬ ಜಾಲತಾಣದ ಅನುಕೂಲವಿದೆ. ಬ್ಯಾಂಕ್ ಠೇವಣಿಗೆ ನಾಮನಿರ್ದೇಶನವಾದವರು ಹಣವನ್ನು ಪಡೆಯುವವರೇ ಹೊರತು ಅಷ್ಟರಿಂದಲೇ ಅದರ ಒಡೆಯರಾಗುವುದಿಲ್ಲ, ಅವರು ಅದನ್ನು ವಾರಸುದಾರರ ಪರವಾಗಿ ಪಡೆಯುತ್ತಾರೆ ಎಂಬ ಸಾಮಾನ್ಯ ಸಂಗತಿಯನ್ನು ಅರಿಯದೆ ಒಡಹುಟ್ಟಿದವರು ಮುನಿಸಿಕೊಂಡ ಮನೆಗಳುಂಟು.

ಹಿರಿಯರು ಸಹ ಹೊಸ ಪಾಠಗಳಿಂದ ಮುಕ್ತರಲ್ಲ. ಮೊಬೈಲಿನಲ್ಲಿ ಹಣ ಕಳುಹಿಸುವ ಏರ್ಪಾಡು ಬಂದಿತು. ಅದರ ಬೆನ್ನಿಗೆ ವಂಚಕರೂ ಬಂದರು. ಪೊಲೀಸರೆಂದು ಹೇಳಿಕೊಂಡು, 'ಡಿಜಿಟಲ್ ಬಂಧನ'ದಲ್ಲಿ ಇದ್ದೀರಿ ಎಂದು ಹೆದರಿಸಿ, ವೃದ್ಧರಿಂದ ಆಯುಷ್ಯದ ಉಳಿತಾಯವನ್ನು ಕಸಿಯುವವರಿದ್ದಾರೆ. ಅಂಥ ಬಂಧನವು ನಮ್ಮ ಯಾವ ಕಾಯಿದೆಯಲ್ಲಿಯೂ ಇಲ್ಲ. ಮೋಸ ಹೋದರೆ ಕೂಡಲೇ 1930ಕ್ಕೆ ದೂರವಾಣಿ ಮಾಡಬೇಕು. ಇವನ್ನು ಮೊಮ್ಮಕ್ಕಳಿಂದ ಕಲಿಯುವುದರಲ್ಲಿ ಹಿರಿತನಕ್ಕೆ ಕುಂದಿಲ್ಲ. ಅಜ್ಜಿ ಸಾರನ್ನು ಕಲಿಸಿ, ಮೊಮ್ಮಗನು ಮೊಬೈಲನ್ನು ಕಲಿಸಿದರೆ ಆ ಮನೆಯಲ್ಲಿ ಇಬ್ಬರು ಗುರುಗಳು, ಇಬ್ಬರು ಶಿಷ್ಯರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅರಿಯದಿರುವುದು ದೋಷವೇ? ಕಲಿಯುವ ಅವಕಾಶವೇ ದೊರೆಯದವರಲ್ಲಿ ಅದು ದೋಷವಲ್ಲ. ಆ ಹೊಣೆ ಕಲಿಸದವರದು. ರೋಗದಿಂದಲೋ ವಾರ್ಧಕ್ಯದಿಂದಲೋ ಅಂಗವೈಕಲ್ಯದಿಂದಲೋ ಮಾಡಲಾರದವರಲ್ಲಿಯೂ ದೋಷವಿಲ್ಲ. ಅವರಿಗೆ ಮಾಡಿಕೊಡುವುದಕ್ಕಾಗಿಯೇ ಉಳಿದವರು ಕಲಿಯಬೇಕಾದುದು. ಮಾಡಬಲ್ಲ ಶಕ್ತಿಯಿದ್ದು, ಕಲಿಯುವ ಅವಕಾಶವಿದ್ದು, ಇನ್ನೊಬ್ಬರು ಮಾಡುತ್ತಾರೆಂಬ ಒಂದೇ ಕಾರಣದಿಂದ ಕಲಿಯದಿದ್ದರೆ ಮಾತ್ರ ಅದು ದೋಷ. ಏಕೆಂದರೆ ಅಲ್ಲಿ ತನ್ನ ಪಾಲಿನ ಭಾರವನ್ನು ಬೇರೊಬ್ಬರು ಹೊತ್ತಿರುತ್ತಾರೆ, ಮತ್ತು ಹೊತ್ತವರು ಹೆಚ್ಚಾಗಿ ಅದನ್ನು ಹೇಳಿಕೊಳ್ಳುವುದಿಲ್ಲ.

ಆರಂಭಿಸಲು ಒಂದು ದಿನವನ್ನು ಸೂಚಿಸುತ್ತೇವೆ. ಏಕಾದಶಿಯಂದು ಮನೆಯ ಹಿರಿಯರು ಉಪವಾಸವಿರುತ್ತಾರೆ. ದ್ವಾದಶಿಯ ಪಾರಣೆ ಬೆಳಿಗ್ಗೆ ಬೇಗನೆ ಆಗಬೇಕಾದುದರಿಂದ, ಹಿಂದಿನ ಇಡೀ ದಿನ ನೀರನ್ನೂ ಮುಟ್ಟದಿದ್ದ ತಾಯಿಯೇ ನಾಲ್ಕು ಗಂಟೆಗೆ ಎದ್ದು ಒಲೆ ಹೊತ್ತಿಸುತ್ತಾಳೆ. ರಾತ್ರಿ ಹಣ್ಣು ಹಾಲು ತಿಂದು ಮಲಗಿದ ಮಕ್ಕಳು ಪಾರಣೆಯ ಹೊತ್ತಿಗೆ ಎದ್ದು ಬರುತ್ತಾರೆ. ಮುಂದಿನ ದ್ವಾದಶಿ ರಜೆಯ ದಿನ ಬಂದಾಗ, ಸ್ನಾನ ಮಾಡಿ ಮಡಿಯುಟ್ಟು ಅನ್ನ, ಸಾರು, ಅಗಸೆ ಸೊಪ್ಪಿನ ಪಲ್ಯ ಇಷ್ಟನ್ನು ಮಕ್ಕಳು ಮಾಡಲಿ. ತಂದೆ ತರಕಾರಿ ಹೆಚ್ಚಿಕೊಡಲಿ. ಉಪವಾಸವಿದ್ದವರು ಅಂದು ಎಲೆಯ ಮುಂದೆ ಕುಳಿತುಕೊಳ್ಳಲಿ. ಉಪ್ಪು ಹೆಚ್ಚು ಕಡಿಮೆಯಾದರೂ ಆ ಪಾರಣೆಗೆ ಯಾವ ಕೊರತೆಯೂ ಆಗಲಾರದು.